ಹೆಸರು ಮುಚ್ಚಿಟ್ಟು ಆಡುವ ಆಟ

2025ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಬಿಸಿಯೂಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಕೊಳಾರದ ಒಬ್ಬ ತಾಯಿ ಸೀದಾ ಶಿಕ್ಷಕರ ಕೋಣೆಗೆ ಬಂದು ನನ್ನ ಮೇಜಿನ ಮೇಲೆ ಒಂದು ಫೋನು ಇಟ್ಟರು. ‘ಇದನ್ನ ನೀವೇ ಇಟ್ಕೋರಿ ಅಕ್ಕೋರೆ. ಇಲ್ಲಾಂದ್ರ ಇವತ್ತ ಕಲ್ಲ ಮ್ಯಾಲ ಹಾಕಿ ಒಡೀತೀನಿ’ ಎಂದರು. ಹಿಂದೆ ಬಾಗಿಲಿಗೆ ಆನಿಕೊಂಡು ಮಗಳು ನಿಂತಿದ್ದಳು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿ. ಅತ್ತು ಅತ್ತು ಮುಖ ಊದಿಕೊಂಡಿತ್ತು.

ಏನಪ್ಪಾ ಅನಾಹುತ ಎಂದು ನಾನು ಗಾಬರಿಯಾದೆ. ಫೋನಿನಲ್ಲಿದ್ದದ್ದು ಸಿನಿಮಾ ಅಲ್ಲ, ಪ್ರೇಮಪತ್ರ ಅಲ್ಲ, ಚದುರಂಗ! 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಆ ಹುಡುಗಿ ಅಣ್ಣನಿಂದ ಈ ಆಟ ಕಲಿತಿದ್ದಳು. ಅಣ್ಣ ಆಟ ಬಿಟ್ಟ, ಇವಳು ಬಿಡಲಿಲ್ಲ. ಮನೆಗೆಲಸ, ಓದು ಮುಗಿದ ಮೇಲೆ ರಾತ್ರಿ ಅರ್ಧ ಗಂಟೆ ಅಪ್ಪನ ಫೋನಿನಲ್ಲಿ ಊರು ಕಾಣದ, ಮುಖ ಕಾಣದ ಜನರೊಡನೆ ಆಡುತ್ತಿದ್ದಳು. ಹಿಂದಿನ ರಾತ್ರಿ ಯಾರೋ ಒಬ್ಬನನ್ನು ಸೋಲಿಸಿದ್ದಾಳೆ. ಆತ ಪಕ್ಕದಲ್ಲಿ ಮಾತು ಬರೆಯುವ ಜಾಗದಲ್ಲಿ ಮೊದಲು ‘ನೀನು ಹುಡುಗಿಯಾ?’ ಎಂದು ಕೇಳಿದ್ದಾನೆ. ಇವಳು ಹೌದೆಂದಿದ್ದಾಳೆ. ‘ಹಾಗಾದರೆ ಹೋಗಿ ರೊಟ್ಟಿ ಬೇಯಿಸು’ ಎಂದಿದ್ದಾನೆ. ಅದರ ಮುಂದಿನದನ್ನು ನಾನು ಇಲ್ಲಿ ಬರೆಯಲಾರೆ. ಹದಿನಾಲ್ಕು ವರ್ಷದ ಮಗುವಿಗೆ ಬರೆಯುವ ಮಾತುಗಳಲ್ಲ ಅವು. ಯಾವ ತಾಣದಲ್ಲಿ ನಡೆಯಿತೆಂಬುದು ಇಲ್ಲಿ ಮುಖ್ಯವಲ್ಲ. ಎಲ್ಲ ಕಟ್ಟೆಗಳ ಮೇಲೂ ಇಂಥವರು ಕೂತಿರುತ್ತಾರೆ.

ಆಗ ನಾನೇನು ಮಾಡಿದೆ? ಬಿ.ಎ., ಬಿ.ಇಡಿ. ಓದಿ ಇಷ್ಟು ವರ್ಷ ಪಾಠ ಹೇಳಿದ ನನ್ನ ಬುದ್ಧಿಗೆ ಒಂದು ಜಾಣ ಉಪಾಯ ಹೊಳೆಯಿತು. ತಾಯಿಗೆ ಸಮಾಧಾನ ಹೇಳಿ, ಹುಡುಗಿಯನ್ನು ಹತ್ತಿರ ಕರೆದು, ‘ಹೆಸರು ಬದಲಿಸಿಬಿಡು. ಹುಡುಗನ ಹೆಸರು ಇಟ್ಟುಕೋ. ಯಾರೂ ನಿನ್ನ ಗೊಡವೆಗೆ ಬರುವುದಿಲ್ಲ’ ಎಂದೆ. ತಾಯಿಗೆ ಒಪ್ಪಿಗೆಯಾಯಿತು. ಮಗಳೂ ತಲೆಯಾಡಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾಡಿದೆನೆಂದು ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಉಪಾಯ ಎಂಥ ದ್ರೋಹ ಎಂಬುದು ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು. ಈ ಬರಹ ಆ ತಪ್ಪಿಗೆ ದಂಡ ಎಂದುಕೊಳ್ಳಿ.

ನನ್ನ ವಯಸ್ಸಿನ ಗೃಹಿಣಿಯರಿಗೆ ಈ ಆನ್‌ಲೈನ್ ಚದುರಂಗವೆಂದರೆ ಏನೆಂದು ಮೊದಲು ಹೇಳಬೇಕು. 1992ರಲ್ಲಿಯೇ ಇಂಟರ್‌ನೆಟ್ ಮೂಲಕ ಚದುರಂಗ ಆಡಿಸುವ ವ್ಯವಸ್ಥೆ ಶುರುವಾಗಿತ್ತು. 2007ರಲ್ಲಿ ಚೆಸ್ ಡಾಟ್ ಕಾಮ್ ಬಂತು. 2010ರಲ್ಲಿ ಫ್ರಾನ್ಸಿನ ಒಬ್ಬ ತರುಣ ಲೀಚೆಸ್ ಎಂಬುದನ್ನು ಹಣವಿಲ್ಲದೆ, ಜಾಹೀರಾತಿಲ್ಲದೆ ಎಲ್ಲರೂ ಆಡಲೆಂದು ತೆರೆದ. ಆಡುವವರಿಗೆ ಒಂದು ಅಂಕ ಇರುತ್ತದೆ. ಅಮೆರಿಕದ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಎಲೊ ಹಾಕಿಕೊಟ್ಟ ಲೆಕ್ಕವನ್ನು ವಿಶ್ವ ಚದುರಂಗ ಸಂಸ್ಥೆ ‘ಫಿಡೆ’ 1970ರಲ್ಲಿ ಒಪ್ಪಿಕೊಂಡಿತು. ಈ ತಾಣಗಳ ಲೆಕ್ಕವೂ ಅದೇ ಜಾಡಿನದು. ನಿಮಗಿಂತ ಗಟ್ಟಿಗರನ್ನು ಸೋಲಿಸಿದರೆ ಅಂಕ ಹೆಚ್ಚು ಏರುತ್ತದೆ, ನಿಮಗಿಂತ ಹಗುರದವರ ಕೈಯಲ್ಲಿ ಸೋತರೆ ಹೆಚ್ಚು ಇಳಿಯುತ್ತದೆ. ನಿಮ್ಮ ಸರಿಸಮ ಅಂಕದವರನ್ನೇ ಯಂತ್ರ ಹುಡುಕಿ ಎದುರಿಗೆ ಕೂರಿಸುತ್ತದೆ. ಈ ಅಂಕಕ್ಕೆ ಜಾತಿ ಇಲ್ಲ, ಮೀಸೆ ಇಲ್ಲ, ಬಳೆ ಇಲ್ಲ.

ಆದರೆ ಬರೀ ಆಟವಾಗಿದ್ದರೆ ಆ ಹುಡುಗಿ ಯಂತ್ರದೊಡನೆಯೇ ಆಡಬಹುದಿತ್ತು. ಆಟ ಮುಗಿದ ಮೇಲಿನದೇ ಅಲ್ಲಿನ ದೊಡ್ಡ ಸಂಗತಿ. ಸೋತವರು ಗೆದ್ದವರು ಕೂಡಿ ‘ಇಲ್ಲಿ ಕುದುರೆ ಬಿಟ್ಟಿದ್ದರೆ ಏನಾಗುತ್ತಿತ್ತು’ ಎಂದು ಆಟವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತಾರೆ. ಗುಂಪು ಕಟ್ಟಿಕೊಳ್ಳುತ್ತಾರೆ, ವಾರಕ್ಕೊಮ್ಮೆ ಪಂದ್ಯ ಇಟ್ಟುಕೊಳ್ಳುತ್ತಾರೆ, ಹೊಸಬರಿಗೆ ಹೇಳಿಕೊಡುತ್ತಾರೆ. ನಮ್ಮ ಹುಡುಗಿಗೆ ರಾಜನ ಮುಂದಿನ ಪ್ಯಾದೆಗಳನ್ನು ಸುಮ್ಮಸುಮ್ಮನೆ ಮುಂದೂಡಬಾರದೆಂದು ಕಲಿಸಿದವರು ಇಂಥ ಕಟ್ಟೆಯಲ್ಲಿ ಸಿಕ್ಕ ಒಬ್ಬ ಅಪರಿಚಿತ ವೃದ್ಧರು. ಕೊಳಾರದಲ್ಲಿ ಕೂತ ಹೆಣ್ಣುಮಗುವಿಗೆ ಅಂಥ ಗುರು ಮತ್ತೆಲ್ಲಿ ಸಿಗಬೇಕು?

ಕಟ್ಟೆ ಎಂದೆನಲ್ಲ, ಸುಮ್ಮನೆ ಆ ಮಾತು ಬರಲಿಲ್ಲ. ನಾನು ಹುಡುಗಿಯಾಗಿದ್ದಾಗ ಬೀದರದ ನಮ್ಮ ಓಣಿಯಲ್ಲಿ ಒಂದು ಕಟ್ಟೆ ಇತ್ತು. ಸಂಜೆ ನಮ್ಮಪ್ಪ, ಅವರ ಗೆಳೆಯರು ಅಲ್ಲಿ ಹಾಸು ಬಿಚ್ಚುತ್ತಿದ್ದರು. ನಮ್ಮೂರಿನಲ್ಲಿ ಆ ಒಂದು ಆಟಕ್ಕೆ ಎಷ್ಟು ಹೆಸರು! ನಮಗೆ ಚದುರಂಗ, ಮರಾಠಿಯವರಿಗೆ ಬುದ್ಧಿಬಳ, ದಖನಿ ಮಾತಾಡುವವರಿಗೆ ಶತರಂಜ್, ತೆಲುಗಿನವರಿಗೆ ಚದರಂಗಂ. ಕಟ್ಟೆಯ ಮೇಲೆ ಎಲ್ಲರಿಗೂ ಜಾಗ ಇತ್ತು. ಜಾತಿಯವರು, ಮತದವರು, ಮಾತಿನವರು ಎಂಬ ಭೇದ ಅಲ್ಲಿರಲಿಲ್ಲವೆಂದು ಹಿರಿಯರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಆ ಕಟ್ಟೆಗೆ ದಿನಾ ಹೋಗುತ್ತಿದ್ದೆ, ಚಹಾದ ತಾಟು ಹಿಡಿದುಕೊಂಡು. ಒಂದು ದಿನ ಅಪ್ಪನ ವಜೀರ ಸಿಕ್ಕಿಬೀಳುವುದು ನನಗೆ ಕಂಡಿತು. ತಡೆಯಲಾರದೆ ‘ಅಪ್ಪಾ, ಊಂಟ್ ಬರ್ಲತ್ತಾದ’ ಎಂದುಬಿಟ್ಟೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಅಪ್ಪ, ‘ಒಳಗ ಹೋಗವ್ವ, ಕಪ್ಪು ಆಮ್ಯಾಲ ತಗೊಂಡು ಹೋಗೀಯಂತ’ ಎಂದರು. ಬೈಗುಳ ಅಲ್ಲ, ಪ್ರೀತಿಯಿಂದಲೇ ಹೇಳಿದ್ದು. ಮರುದಿನದಿಂದ ಚಹಾ ತೆಗೆದುಕೊಂಡು ಹೋಗಲು ತಮ್ಮನನ್ನು ಕಳಿಸಿದರು. ನಾನು ಚದುರಂಗ ಕಲಿಯಲೇ ಇಲ್ಲ. ‘ಹೆಣ್ಣುಮಕ್ಕಳಿಗೆ ಇಂಥ ಆಟದಲ್ಲಿ ಆಸಕ್ತಿ ಇರೋದಿಲ್ಲ’ ಎಂದು ಈಗ ಯಾರಾದರೂ ಹೇಳಿದರೆ ನನಗೆ ಆ ಚಹಾದ ತಾಟು ನೆನಪಾಗುತ್ತದೆ. ಆಸಕ್ತಿ ಇತ್ತು ಸ್ವಾಮಿ, ಜಾಗ ಇರಲಿಲ್ಲ.

ಈ ನಗು ನಮ್ಮ ಓಣಿಯ ಸ್ವತ್ತಲ್ಲ ಎಂಬುದು ಓದುತ್ತಾ ಹೋದಂತೆ ತಿಳಿಯಿತು. ಹದಿನೈದನೆಯ ಶತಮಾನದ ಕೊನೆಯವರೆಗೂ ನಮ್ಮ ಮಂತ್ರಿ, ಅಂದರೆ ವಜೀರ, ಓರೆಯಾಗಿ ಒಂದೇ ಮನೆ ನಡೆಯುವ ಪಾಪದ ಕಾಯಿ. ಯುರೋಪಿನವರು ಆ ಕಾಯಿಯನ್ನು ರಾಣಿ ಎಂದು ಕರೆದಿದ್ದರು. ಆ ಹೊತ್ತಿಗೆ ನಿಯಮ ಬದಲಾಗಿ ಆಕೆಗೆ ಎಂಟೂ ದಿಕ್ಕಿಗೆ ಎಷ್ಟು ದೂರವಾದರೂ ಹೋಗುವ ಶಕ್ತಿ ಬಂತು. ಆಗ ಜನ ಈ ಹೊಸ ಆಟವನ್ನು ಏನೆಂದು ಕರೆದರು ಗೊತ್ತೇ? ಹುಚ್ಚು ರಾಣಿಯ ಆಟ! ಕಟ್ಟಿಗೆಯ ಹೆಣ್ಣು ನಾಲ್ಕು ಹೆಜ್ಜೆ ಜಾಸ್ತಿ ಇಟ್ಟದ್ದಕ್ಕೇ ಹುಚ್ಚಿಯ ಪಟ್ಟ.

ರಕ್ತಮಾಂಸದ ಹೆಣ್ಣಿನ ಕಥೆ ಕೇಳಿ. 1927ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದವಳು ವೆರಾ ಮೆನ್‌ಚಿಕ್. 1929ರಲ್ಲಿ ಕಾರ್ಲ್ಸ್‌ಬಾಡ್ ಎಂಬ ಊರಿನ ದೊಡ್ಡ ಪಂದ್ಯಕ್ಕೆ ಗಂಡಸರ ನಡುವೆ ಆಡಲು ಬಂದಳು. ಆಲ್ಬರ್ಟ್ ಬೆಕರ್ ಎಂಬ ಆಟಗಾರ ಗೇಲಿ ಮಾಡಿದ: ಇವಳಿಗೆ ಸೋತವರನ್ನೆಲ್ಲ ‘ವೆರಾ ಮೆನ್‌ಚಿಕ್ ಕ್ಲಬ್ಬಿ’ನ ಸದಸ್ಯರನ್ನಾಗಿ ಮಾಡೋಣ ಎಂದು. ಆ ಕ್ಲಬ್ಬಿನ ಮೊದಲ ಸದಸ್ಯ ಅವನೇ ಆದ! ಮುಂದೆ 1935ರಲ್ಲಿ ವಿಶ್ವ ಚಾಂಪಿಯನ್ ಆದ ಹಾಲೆಂಡಿನ ಮ್ಯಾಕ್ಸ್ ಯೂವೆ ಕೂಡ ಆಕೆಗೆ ಸೋತು ಸದಸ್ಯತ್ವ ಪಡೆದವನೇ.

ಈ ಯೂವೆಯ ಹೆಸರು ನಮ್ಮ ದೇಶದ ಕಥೆಯಲ್ಲಿ ಮತ್ತೆ ಬರುತ್ತದೆ. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದು, ಮುಂಬಯಿಯ ವಾಸಂತಿ ಖಾಡಿಲ್ಕರ್ ಗೆದ್ದರು. ಅವರ ತಂಗಿ ರೋಹಿಣಿ 1976ರಲ್ಲಿ, ಇನ್ನೂ ಹದಿಮೂರರ ವಯಸ್ಸಿನಲ್ಲಿ, ಗಂಡಸರ ರಾಷ್ಟ್ರೀಯ ಪಂದ್ಯದಲ್ಲಿ ಆಡಿದರು. ದೊಡ್ಡ ಗದ್ದಲವೆದ್ದಿತು, ಹೈಕೋರ್ಟಿನ ತನಕ ಹೋಯಿತು. ಕೊನೆಗೆ ಫಿಡೆಯ ಅಧ್ಯಕ್ಷರು ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಗಳಿಂದ ಹೆಣ್ಣುಮಕ್ಕಳನ್ನು ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟರು. ಆ ಅಧ್ಯಕ್ಷರು ಅದೇ ಮ್ಯಾಕ್ಸ್ ಯೂವೆ. ಹೆಣ್ಣಿಗೆ ಸೋತ ಗಂಡಸು ಏನೂ ಸಣ್ಣವನಾಗುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಚೆಂದದ ಉದಾಹರಣೆ ಸಿಕ್ಕಿಲ್ಲ.

ಇದೆಲ್ಲ ಹಳೆಯ ಕಾಲ ಎನ್ನುವಿರಾ? 2020ರಲ್ಲಿ ಅಮೆರಿಕದ ಕಂಪನಿಯೊಂದು ಚದುರಂಗದ ಒಬ್ಬ ಕಾಲ್ಪನಿಕ ಹುಡುಗಿಯ ಮೇಲೆ ‘ದ ಕ್ವೀನ್ಸ್ ಗ್ಯಾಂಬಿಟ್’ ಎಂಬ ಧಾರಾವಾಹಿ ಮಾಡಿತು. ಊರೆಲ್ಲ ಹೊಗಳಿತು. ಅದರಲ್ಲಿ ಜಾರ್ಜಿಯಾ ದೇಶದ ನೋನಾ ಗಪ್ರಿಂದಾಶ್ವಿಲಿ ಗಂಡಸರೆದುರು ಆಡಿಯೇ ಇಲ್ಲ ಎಂಬ ಒಂದು ಮಾತು ಇತ್ತು. ಆಕೆ ಜೀವಂತ ಇದ್ದರು. ಆ ಕಥೆ ನಡೆಯುವ 1968ರ ಹೊತ್ತಿಗೇ ಅವರು ಹತ್ತಾರು ಗಂಡಸರೊಡನೆ ಆಡಿ, ಗೆದ್ದಿದ್ದರು. ಎಂಬತ್ತರ ವಯಸ್ಸಿನಲ್ಲಿ, 2021ರಲ್ಲಿ, ಆಕೆ ಕೋರ್ಟಿಗೆ ಹೋದರು. 2022ರಲ್ಲಿ ರಾಜಿಯಾಯಿತು. ಹೆಣ್ಣನ್ನು ಮೆರೆಸಲೆಂದು ಮಾಡಿದ ಕಥೆಯಲ್ಲೂ ನಿಜವಾದ ಹೆಣ್ಣಿನ ಹೆಸರು ಅಳಿಸಿಹೋಗುತ್ತದೆ ನೋಡಿ.

ನಮ್ಮ ನೆರೆಯ ನಾಗಪುರದ ದಿವ್ಯಾ ದೇಶ್‌ಮುಖ್ ಹೆಸರು ಈಗ ಎಲ್ಲರ ಬಾಯಲ್ಲಿದೆ. 2020ರ ಆಗಸ್ಟಿನಲ್ಲಿ ಇಂಟರ್‌ನೆಟ್ ಮೇಲೆಯೇ ನಡೆದ ಒಲಿಂಪಿಯಾಡಿನಲ್ಲಿ ಆಕೆ ಹದಿನಾಲ್ಕರ ಹುಡುಗಿ, ನಮ್ಮ ಕೊಳಾರದ ಹುಡುಗಿಯಷ್ಟೇ ವಯಸ್ಸು. ಫೈನಲಿನಲ್ಲಿ ಆಕೆಯ ಮತ್ತು ನಿಹಾಲ್ ಸರೀನರ ಸಂಪರ್ಕವೇ ಕಡಿದುಹೋಯಿತು. ಭಾರತ ದೂರು ಕೊಟ್ಟ ಮೇಲೆ ಭಾರತ, ರಷ್ಯಾ ಎರಡೂ ದೇಶಗಳನ್ನು ವಿಜೇತರೆಂದು ಸಾರಿದರು. ತಂತಿ ಕಡಿದರೆ ನ್ಯಾಯ ಸಿಕ್ಕಿತು ಎಂದಾಯಿತು. ಮನಸ್ಸು ಕಡಿದರೆ? 2024ರ ಜನವರಿಯಲ್ಲಿ ಹಾಲೆಂಡಿನ ಪಂದ್ಯ ಮುಗಿಸಿ ಬಂದ ಹದಿನೆಂಟರ ದಿವ್ಯಾ ಬಹಿರಂಗವಾಗಿ ಬರೆದುಕೊಂಡಳು: ತನ್ನ ಆಟದ ವಿಡಿಯೋ ನೋಡಿದ ಜನ ಆಟ ಬಿಟ್ಟು ತನ್ನ ಬಟ್ಟೆ, ಕೂದಲು, ಮಾತಿನ ಧಾಟಿ ಇವುಗಳ ಬಗ್ಗೆಯೇ ಮಾತಾಡುತ್ತಾರೆಂದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಭಾರತದ ಹೆಣ್ಣುಮಕ್ಕಳು ಚಿನ್ನ ಗೆದ್ದರು, ಆಕೆ ಆ ತಂಡದಲ್ಲಿದ್ದಳು. 2025ರ ಜುಲೈ 28ರಂದು ಜಾರ್ಜಿಯಾದ ಬಟುಮಿಯಲ್ಲಿ ಕೊನೇರು ಹಂಪಿಯವರನ್ನು ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದಳು, ಗ್ರ್ಯಾಂಡ್‌ಮಾಸ್ಟರ್ ಆದಳು. ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆಕೆ. ಆ ಎಂಬತ್ತೆಂಟರಲ್ಲಿ ಹೆಂಗಸರು ಎಷ್ಟು? ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ. ನಾಲ್ಕೇ ಜನ. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸಿದವಳು ನಾನೇ. ಅದಾದ ಕೆಲವೇ ದಿನಗಳಿಗೆ ‘ಹುಡುಗನ ಹೆಸರು ಇಟ್ಟುಕೋ’ ಎಂದವಳೂ ನಾನೇ.

ಮೂರು ತಿಂಗಳ ಮೇಲೆ ಏನಾಯಿತೆಂದರೆ, ಶಾಲೆಗಳ ನಡುವಿನ ಒಂದು ಪಂದ್ಯಕ್ಕೆ ಆ ಹುಡುಗಿಯನ್ನು ಕರೆದುಕೊಂಡು ಹೋದೆ. ಫೋನಿನಲ್ಲಿ ಆಕೆಯ ಅಂಕ ಚೆನ್ನಾಗಿ ಏರಿತ್ತು. ಇಲ್ಲಿ ಎದುರಿಗೆ ಕೂತ ಹುಡುಗ ಆಕೆಗಿಂತ ಹೆಚ್ಚಿನವನೇನಲ್ಲ. ಹತ್ತು ನಿಮಿಷದಲ್ಲಿ ಸೋತು ಎದ್ದು ಬಂದಳು. ಬಸ್ಸಿನಲ್ಲಿ ಬರುವಾಗ ಕೇಳಿದೆ, ‘ಯಾಕವ್ವ, ಫೋನಿನ್ಯಾಗ ಅಷ್ಟು ಛಲೋ ಆಡ್ತಿ?’ ಆಕೆ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: ‘ಅಲ್ಲಿ ನಾ ಆಡಲ್ಲರೀ ಅಕ್ಕೋರೆ. ಅವ ಆಡ್ತಾನ. ಅವಗ ಯಾರೂ ಏನೂ ಅನ್ನಲ್ಲ.’

ನಾನು ಬೀದರ ಬಸ್ ನಿಲ್ದಾಣ ಬರುವವರೆಗೆ ಬಾಯಿ ತೆರೆಯಲಿಲ್ಲ.

ಆ ಮಗು ಒಂದೇ ಮಾತಿನಲ್ಲಿ ಹೇಳಿದ್ದನ್ನು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಆನ್ ಮಾಸ್ ಮತ್ತು ಅವರ ಸಂಗಡಿಗರು 2008ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಒಂದೇ ಮಟ್ಟದ ಒಬ್ಬ ಗಂಡು ಒಬ್ಬ ಹೆಣ್ಣು, ಹೀಗೆ 42 ಜೋಡಿಗಳನ್ನು ಇಂಟರ್‌ನೆಟ್ ಮೇಲೆ ಆಡಿಸಿದರು. ಎದುರಾಳಿ ಯಾರೆಂದು ಗೊತ್ತಿಲ್ಲದಿದ್ದಾಗ ಹೆಂಗಸರು ಗಂಡಸರಷ್ಟೇ ಚೆನ್ನಾಗಿ ಆಡಿದರು. ಈ ಆಟದಲ್ಲಿ ಹೆಂಗಸರು ಹಿಂದೆ ಎಂಬ ಮಾತನ್ನು ನೆನಪಿಸಿ, ಎದುರಿಗೆ ಗಂಡಸಿದ್ದಾನೆಂದು ತಿಳಿಸಿದಾಗ ಆಟ ಕುಸಿಯಿತು. ಎದುರಿಗಿರುವುದು ಹೆಂಗಸೆಂದು ಸುಳ್ಳು ಹೇಳಿದಾಗ ಮತ್ತೆ ಸಮಸಮ ಆಡಿದರು. ಎದುರಿಗಿದ್ದದ್ದು ಗಂಡಸೇ!

‘ಹಾಗಾದರೆ ಮುಚ್ಚಿಟ್ಟು ಆಡುವುದೇ ಸರಿಯಲ್ಲವೇ’ ಎಂದು ನೀವು ಕೇಳಬಹುದು. ಎಷ್ಟು ದಿನ? ಫೋನಿನಲ್ಲಿ ಹೆಸರು ಮುಚ್ಚಬಹುದು, ಮೇಜಿನ ಮುಂದೆ ಮುಖ ಮುಚ್ಚಲಾದೀತೇ? ಆ ಪ್ರಯೋಗದಲ್ಲಿ ಹೆಂಗಸರನ್ನು ಸೋಲಿಸಿದ್ದು ಅವರ ಹೆಸರಲ್ಲ. ‘ನೀನು ಹೆಣ್ಣು, ನಿನ್ನಿಂದಾಗದು’ ಎಂಬ ನೆನಪು. ಆ ನೆನಪನ್ನು ಮಾಡಿಕೊಟ್ಟವನು ಆ ಅಪರಿಚಿತ. ಅದಕ್ಕೆ ರುಜು ಹಾಕಿದವಳು ನಾನು. ಹೆಸರು ಬಚ್ಚಿಡು ಎಂದಾಗ ಆ ಮಗುವಿಗೆ ನಾನು ಹೇಳಿದ್ದೇನು? ಈ ಕಟ್ಟೆ ಅವರದು, ನೀನು ವೇಷ ಹಾಕಿಕೊಂಡರೆ ಮಾತ್ರ ಕೂರಬಹುದು ಎಂದು ತಾನೇ?

ಇನ್ನು ಕೆಲವರ ಉಪದೇಶಗಳಿವೆ. ‘ಮಾತು ಬರುವ ಕಿಂಡಿಯನ್ನೇ ಬಂದ್ ಮಾಡಿದರಾಯಿತು’ ಎನ್ನುತ್ತಾರೆ. ಮಾಡಬಹುದು. ಆದರೆ ಆ ಕಿಂಡಿಯಿಂದಲೇ ಪ್ಯಾದೆ ಮುಂದೂಡಬೇಡವೆಂದ ವೃದ್ಧರ ಮಾತೂ ಬರುತ್ತಿತ್ತು. ಹುಡುಗರಿಗೆ ಆಟವೂ ಉಂಟು, ಒಡನಾಟವೂ ಉಂಟು. ಹುಡುಗಿಯರಿಗೆ ಬರೀ ಆಟ, ಅದೂ ಮೂಗಿಯಾಗಿ. ಇದು ಯಾವ ನ್ಯಾಯ? ‘ಇಂಟರ್‌ನೆಟ್ ಅಂದ್ರ ಹಿಂಗೇ ಇರ್ತದ, ಗಂಡು ಹುಡುಗರಿಗೂ ಬೈತಾರ’ ಎನ್ನುತ್ತಾರೆ. ಬೈಯುತ್ತಾರೆ, ನಿಜ. ಹುಡುಗನಿಗೆ ‘ದಡ್ಡ’ ಎನ್ನುತ್ತಾರೆ, ಅದು ಅವನ ಆಟಕ್ಕೆ ಬಿದ್ದ ಬೈಗುಳ. ಹುಡುಗಿಗೆ ಬೀಳುವ ಬೈಗುಳ ಆಕೆಯ ಮೈಗೆ. ಎರಡೂ ಒಂದೇ ಎನ್ನುವವರ ಹತ್ತಿರ ನಾನು ವಾದ ಮಾಡುವುದಿಲ್ಲ.

‘ಫೋನು ಕಸಿದುಕೊಂಡರೆ ಮುಗಿಯಿತಲ್ಲ’ ಎನ್ನುವವರು ನಮ್ಮಂಥ ತಾಯಂದಿರೇ. ದಾರಿಯಲ್ಲಿ ಒಬ್ಬ ಚುಡಾಯಿಸಿದ ಎಂದು ಮಗಳನ್ನು ಶಾಲೆ ಬಿಡಿಸಿದ ಮನೆಗಳನ್ನು ನಾನು ಔರಾದದಲ್ಲಿ, ಭಾಲ್ಕಿಯಲ್ಲಿ ಕಂಡಿದ್ದೇನೆ. ತಪ್ಪು ಮಾಡಿದವನು ಆರಾಮ ತಿರುಗುತ್ತಾನೆ, ಶಿಕ್ಷೆ ಅನುಭವಿಸಿದವಳಿಗೆ. ಫೋನು ಕಸಿಯುವುದೂ ಅದೇ. ಅಷ್ಟೇ ಅಲ್ಲ, ಒಮ್ಮೆ ಕಸಿದುಕೊಂಡರೆ ಮುಂದೆ ಇದಕ್ಕಿಂತ ದೊಡ್ಡ ಕಷ್ಟ ಬಂದರೂ ಮಗಳು ನಮ್ಮೆದುರು ಬಾಯಿ ಬಿಡುವುದಿಲ್ಲ. ಹೇಳಿದವಳಿಗೇ ದಂಡ ಎಂದಾದರೆ ಯಾರು ಹೇಳಿಯಾರು?

ಹಾಗಾದರೆ ಮಾಡಬೇಕಾದ್ದೇನು? ಆ ಮಾತುಗಳನ್ನು ಅಳಿಸಬೇಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಇಂಥ ತಾಣಗಳಲ್ಲಿ ದೂರು ಕೊಡುವ ಗುಂಡಿ ಇರುತ್ತದೆ, ಒತ್ತಿ. ಮಾತು ಮಿತಿ ಮೀರಿದರೆ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಂ ಇದೆ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098 ಇದೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧದ ತಾಣದಲ್ಲಿ ಮನೆಯಿಂದಲೇ ದೂರು ಕೊಡಬಹುದು. ಹೆಸರೆಂದರೆ ಊರು, ಶಾಲೆ, ಭಾವಚಿತ್ರ, ಫೋನ್ ನಂಬರು ಎಲ್ಲವನ್ನೂ ಬಿಚ್ಚಿಡು ಎಂದು ನಾನು ಹೇಳುತ್ತಿಲ್ಲ. ಅಷ್ಟು ಎಚ್ಚರ ಗಂಡು ಮಕ್ಕಳಿಗೂ ಬೇಕು. ಹುಡುಗಿ ಎಂಬುದನ್ನು ಅಪರಾಧದ ಹಾಗೆ ಮುಚ್ಚಿಡಬೇಡ ಎನ್ನುತ್ತಿದ್ದೇನೆ.

ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಅದನ್ನು ಹೇಳಿದರೆ ನಿಮಗೆ ಸಿಟ್ಟು ಬರಬಹುದು. ಆ ರಾತ್ರಿ ಆ ಮಾತು ಬರೆದವನು ಆಕಾಶದಿಂದ ಇಳಿದವನಲ್ಲ. ಯಾವುದೋ ಮನೆಯ ಪಡಸಾಲೆಯಲ್ಲಿ ಕೂತು ಬರೆದಿದ್ದಾನೆ. ಒಳಗೆ ಆತನ ತಾಯಿ ರೊಟ್ಟಿ ಬಡಿಯುತ್ತಿದ್ದಿರಬಹುದು. ‘ಊಟಕ್ಕ ಬಾರಪ್ಪ’ ಎಂದು ಕರೆದಿರಬಹುದು. ಆತ ಫೋನು ಮಗುಚಿಟ್ಟು ಬಂದು ಕೂತು ಉಂಡಿರಬಹುದು. ಮಗಳ ಫೋನನ್ನು ದಿನಾ ತೆಗೆದು ನೋಡುವ ನಾವು ಮಗನಿಗೆ ಎಂದಾದರೂ ‘ಸೋತಾಗ ಏನು ಬರೀತಿ, ತೋರಿಸು’ ಎಂದು ಕೇಳಿದ್ದೇವೆಯೇ? ಸೋಲುವುದನ್ನು ಕಲಿಸದೆ ಬೆಳೆಸಿದ ಮಗ ಹೆಣ್ಣಿಗೆ ಸೋತಾಗ ಇನ್ನೇನು ಬರೆದಾನು?

ನಮ್ಮ ಜಿಲ್ಲೆಯಲ್ಲೇ ಬಸವಕಲ್ಯಾಣ ಇದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಅಲ್ಲಿಗೆ ಬಂದಾಗ ಅಲ್ಲಮಪ್ರಭು ಆಕೆಯನ್ನು ಕೆಣಕಿ ಕೆಣಕಿ ಕೇಳಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಆಕೆಯ ಉಡುಗೆ, ಕೂದಲು ಕೂಡ ಪ್ರಶ್ನೆಯಾದವು. ಆದರೆ ಅಲ್ಲಿ ಕೇಳಿದವರು ಉತ್ತರ ಕೇಳುವ ತನಕ ಕೂತಿದ್ದರು. ಕೇಳಿ, ತಲೆಬಾಗಿ, ಜಾಗ ಕೊಟ್ಟರು. ಆಕೆ ವೇಷ ಮರೆಸಿ ಬರಲಿಲ್ಲ, ತನ್ನ ಹೆಸರಿನಲ್ಲೇ ಬಂದಳು. ಅಂಥ ಮಣ್ಣಿನವರಾದ ನಾವು ಹೆಣ್ಣುಮಗುವಿಗೆ ಗಂಡು ಹೆಸರಿಟ್ಟು ಜಾಣರಾಗುತ್ತೇವೆ.

ಬಸ್ಸಿನ ಆ ಸಂಜೆಯ ಮರುದಿನ ಹುಡುಗಿಯನ್ನು ಕರೆದು, ‘ನಾ ಹೇಳಿದ್ದು ತಪ್ಪಾತವ್ವ, ನಿನ್ನ ಹೆಸರೇ ಇಟ್ಕೋ’ ಎಂದೆ. ಆಕೆ ಕೂಡಲೇ ಒಪ್ಪಲಿಲ್ಲ. ಎರಡು ವಾರ ತೆಗೆದುಕೊಂಡಳು. ಈಗ ಆಕೆ ಮತ್ತು ತರಗತಿಯ ಇನ್ನೂ ಐದು ಹುಡುಗಿಯರು ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಭಾನುವಾರ ಸಂಜೆ ಆಡುತ್ತಾರೆ. ಒಬ್ಬಳಿಗೆ ಕೆಟ್ಟ ಮಾತು ಬಂದರೆ ಆರೂ ಜನ ನೋಡುತ್ತಾರೆ, ಕೂಡಿ ದೂರು ಒತ್ತುತ್ತಾರೆ. ಕೆಟ್ಟ ಮಾತು ನಿಂತಿಲ್ಲ. ಆದರೆ ಒಬ್ಬಳೇ ಕೂತು ಅಳುವುದು ನಿಂತಿದೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಹುಡುಗಿ ಆಡುತ್ತ ಕೂತಿದ್ದಳು. ಫೋನು ಒಡೆಯುತ್ತೇನೆಂದಿದ್ದ ಆ ತಾಯಿ ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತ, ಕತ್ತು ಚಾಚಿ ಪರದೆ ನೋಡುತ್ತಿದ್ದರು. ನನ್ನನ್ನು ಕಂಡು, ‘ಬರ್ರಿ ಅಕ್ಕೋರೆ, ಕೂಡ್ರಿ’ ಎಂದು ಚಾಪೆ ಹಾಸಿ, ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: ‘ಈ ಒಂಟಿ ಯಾಕ ಓರಿನೇ ಹೋಗ್ತದ್ರಿ?’

ನನಗೂ ಗೊತ್ತಿರಲಿಲ್ಲ. ಇಬ್ಬರೂ ಹುಡುಗಿಯ ಮುಖ ನೋಡಿದೆವು. ಆಕೆ ಕಣ್ಣು ಮೇಲೆತ್ತದೆ, ‘ತಡೀರಿ, ಈ ಆಟ ಮುಗೀಲಿ, ಹೇಳಿಕೊಡ್ತೀನಿ’ ಎಂದಳು.